ಬಿಸಿಯಾದರೆ ನಿಲ್ಲುತ್ತಿದ್ದ ಅಪ್ಪನ ಅಂಬಾಸಿಡರ್

ಅಪ್ಪ ತೀರಿಕೊಂಡ ಮೇಲೆ ಅವರ ಹಳೇ ಪೆಟ್ರೋಲ್ ಅಂಬಾಸಿಡರ್ ನನ್ನ ಪಾಲಿಗೆ ಬಂತು. ಎಂಜಿನ್ ಬಿಸಿಯಾದರೆ ಸಾಕು, ಬಂದ್. ಅರ್ಧ ತಾಸು ಆರಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಚಾಲೂ. ಕಾಯಿಲ್ ಬದಲಿಸಿದೆ, ಪ್ಲಗ್ ಬದಲಿಸಿದೆ. ಅವ್ವ ಬೇಸತ್ತು ಗುಜರಿಯವನನ್ನು ಕರೆಸಿದಳು.

ನಮ್ಮೂರ ಮೆಕ್ಯಾನಿಕ್ ಕಾಕಾ ಬೈದರು: "ತಣ್ಣಗಾದ ಮ್ಯಾಲೆ ತಂದು ತೋರಸ್ತೀಯಲ್ಲೋ ತಮ್ಮಾ, ರೋಗ ಹೆಂಗ ಸಿಗಬೇಕು?"

ಸಂಜೆ ಅವರನ್ನೇ ಕೂರಿಸಿಕೊಂಡು ಹೊರಟೆ. ಗದಗ ರಸ್ತೆಯಲ್ಲಿ ಕಾರು ನಿಂತಾಗ ಕತ್ತಲಾಗಿತ್ತು, ಅದೇ ಒಳ್ಳೇದಾಯಿತು. ಕಾಕಾ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಕೀ ಆನ್ ಮಾಡಿಸಿ, ಸ್ಕ್ರೂಡ್ರೈವರಿನಿಂದ ಪಾಯಿಂಟ್ ಬಿಡಿಸಿದರು. ಪಾಯಿಂಟಿನಲ್ಲೇ ಚಟಚಟ ದೊಡ್ಡ ಕಿಡಿ. ಕಾಯಿಲ್ ವೈರಿನ ತುದಿಯಲ್ಲಿ ಮಾತ್ರ ಸೊರಗಿದ ಹಳದಿ ಕಿಡಿ. (ಆ ವೈರ್ ಬರಿಗೈಲಿ ಹಿಡಿಯಬೇಡಿ, ಸಾವಿರಾರು ವೋಲ್ಟ್ ಇರುತ್ತದೆ.)

ಕಂಡೆನ್ಸರ್ ಸರಿ ಇದ್ದರೆ ಪಾಯಿಂಟಿನ ಕಿಡಿ ಅಡಗಿ, ಪ್ಲಗ್ಗಿಗೆ ಜೋರು ಕಿಡಿ ಹೋಗುತ್ತದೆ. ನಮ್ಮದು ಕಾದಾಗ ಕೈಕೊಡುತ್ತಿತ್ತು. ಹೆಬ್ಬೆರಳಿನಷ್ಟೂ ಇಲ್ಲದ ಡಬ್ಬಿ! ಹೊಸದು ಹಾಕಿ, ಸುಟ್ಟ ಪಾಯಿಂಟ್ ಉಜ್ಜಿ, ಸಂದು 0.4 ಮಿಲಿಮೀಟರಿಗೆ ಇಟ್ಟರು.

ಮರುದಿನ ಅವ್ವನನ್ನು ಹುಬ್ಬಳ್ಳಿಗೆ ಕರೆದೊಯ್ದೆ. ದಾರಿಯಲ್ಲೆಲ್ಲೂ ನಿಲ್ಲಲಿಲ್ಲ. ಗುಜರಿಯವನ ಫೋನ್ ಬಂದಾಗ ಅವ್ವನೇ ಕಟ್ ಮಾಡಿದಳು.