ಸಂತೆಯ ರುಚಿ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಜಕ್ಕಲಿಯು ಕರ್ನಾಟಕದ ಏಕೀಕರಣಕ್ಕಾಗಿ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು. ಸುತ್ತಲೂ ಕಣ್ಣು ಹರಿಯುವವರೆಗೆ ಎರೆಹೊಲ. ಮುಂಗಾರಿನಲ್ಲಿ ಹೆಸರು, ಉಳ್ಳಾಗಡ್ಡಿ; ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ. ಮಳೆ ನಿಂತ ಮೇಲೂ ಆ ಕಪ್ಪು ಮಣ್ಣು ತನ್ನ ಒಡಲಲ್ಲಿ ಹಿಡಿದಿಟ್ಟ ತೇವದಿಂದಲೇ ಕಡಲೆ ಬೆಳೆಯುತ್ತದೆ. ಹೀಗೆ ಬೆಳೆದದ್ದರಲ್ಲಿ ಒಂದು ಪಾಲು ಸಮೀಪದ ನರೇಗಲ್ಲಿನ ಸಂತೆಯನ್ನು ಸೇರುತ್ತದೆ.

ಸಂತೆಯನ್ನು ಕಣ್ಣಿಗಿಂತ ಮೊದಲು ಮೂಗು ಗುರುತಿಸುತ್ತದೆ. ಕಡಲೆಹಿಟ್ಟಿನಲ್ಲಿ ಅದ್ದಿದ ಹಸಿಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದು, ಹೊಂಬಣ್ಣದ ಮಿರ್ಚಿಭಜಿಯಾಗಿ ಮೇಲೇಳುತ್ತದೆ. ಪಕ್ಕದಲ್ಲಿ ಗಿರ್ಮಿಟ್ಟಿನ ಸಿದ್ಧತೆ. ಉಳ್ಳಾಗಡ್ಡಿಯ ಒಗ್ಗರಣೆಗೆ ಹುಣಿಸೆಹುಳಿ, ಬೆಲ್ಲ ಸೇರಿಸಿ, ಮಂಡಕ್ಕಿಯನ್ನು ಕಲಸಿ, ಮೇಲೆ ಪುಟಾಣಿಯ ಹಿಟ್ಟು ಉದುರಿಸಿದರೆ ಆಯಿತು. ಆದರೆ ತಡಮಾಡದೆ ತಿನ್ನಬೇಕು; ಮಂಡಕ್ಕಿ ಮೆತ್ತಗಾದರೆ ರುಚಿಯೂ ಮೆತ್ತಗಾಗುತ್ತದೆ.

ದೂರದ ಜಪಾನಿನ ಕ್ಯೋಟೊ ನಗರದಲ್ಲಿ ನಿಶಿಕಿ ಎಂಬ ಹಳೆಯ ಪೇಟೆಯುಂಟು. ಸುಮಾರು 390 ಮೀಟರು ಉದ್ದದ ಆ ಓಣಿಗೆ ಚಾವಣಿಯ ಹೊದಿಕೆಯಿದೆ. ನಡೆಯುತ್ತ ತಿನ್ನದೆ, ಕೊಂಡ ಅಂಗಡಿಯ ಬಳಿಯೇ ನಿಂತು ತಿನ್ನಬೇಕೆಂದು ಅಲ್ಲಿ ಗಿರಾಕಿಗಳನ್ನು ಕೇಳಿಕೊಳ್ಳುತ್ತಾರೆ. ಎರೆಸೀಮೆಯ ಸಂತೆಗೆ ಬಯಲೇ ಚಾವಣಿ. ಆದರೂ ಮಾಡಿದವರ ಒಲೆಯ ಮುಂದೆ, ಬಿಸಿ ಆರುವ ಮೊದಲೇ ತಿನ್ನುವ ಮರ್ಯಾದೆ ಇಲ್ಲಿಯೂ ಇದೆ.

ಉಳ್ಳಾಗಡ್ಡಿಯ ದರ ಕುಸಿದ ದಿನ ಜಕ್ಕಲಿಯ ರೈತನೊಬ್ಬ ಖಾಲಿ ಚೀಲ ಮಡಿಚಿಕೊಂಡು ಆ ಒಲೆಯ ಮುಂದೆ ನಿಲ್ಲುತ್ತಾನೆ. ಕಿಸೆಯಲ್ಲಿಟ್ಟ ಹಣವನ್ನು ಮತ್ತೊಮ್ಮೆ ಎಣಿಸುತ್ತಾನೆ. ಭಜಿ ಕರಿಯುವ ಮುದುಕಿ ಕೇಳುತ್ತಾಳೆ: “ಯಾಕಪಾ, ಈ ಸಲ ದರ ಬಿದ್ದೈತಂತಲ್ಲ?”

“ದರ ಬಿದ್ದೈತಬೇ ಯವ್ವಾ, ರುಚಿ ಬಿದ್ದಿಲ್ಲ. ನಾಕು ಭಜಿ ಕಟ್ಟಿಕೊಡು, ಹುಡುಗೂರು ದಾರಿ ಕಾಯತಿರತಾವ.”

ಆ ಮಾತಿನಲ್ಲಿ ನೋವೂ ಉಂಟು, ಅಭಿಮಾನವೂ ಉಂಟು. ಭಜಿಯ ಹಿಟ್ಟಿನ ಕಡಲೆ, ಒಗ್ಗರಣೆಯ ಉಳ್ಳಾಗಡ್ಡಿ ಅವನಂಥವರ ಹೊಲದ ಬೆಳೆಗಳೇ. ಕಡಿಮೆ ಬೆಲೆಗೆ ಮಾರಿದ್ದನ್ನು ಹೆಚ್ಚು ಬೆಲೆಗೆ ಕೊಂಡು ತಿನ್ನುವ ವಿಚಿತ್ರವನ್ನು ಅವನು ಬಲ್ಲ. ಒಲೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವ ಮುದುಕಿಯ ದುಡಿಮೆಯನ್ನೂ ಬಲ್ಲ. ಆದುದರಿಂದಲೇ ಚೌಕಾಶಿ ಮಾಡದೆ ಹಣ ಕೊಡುತ್ತಾನೆ. ಮುದುಕಿಯೂ ಎಣಿಕೆಯ ಮೇಲೆ ಒಂದನ್ನು ಹೆಚ್ಚಿಗೆ ಇಡುತ್ತಾಳೆ.

ಸಂಜೆ ಜಕ್ಕಲಿಯ ಮನೆಯ ಕಟ್ಟೆಯ ಮೇಲೆ ಪೊಟ್ಟಣ ಬಿಚ್ಚಿಕೊಳ್ಳುತ್ತದೆ. ಭಜಿ ಆರಿರುತ್ತದೆ, ಮಕ್ಕಳ ಹಿಗ್ಗು ಆರಿರುವುದಿಲ್ಲ. ಹೊಲದಿಂದ ಹೊರಟ ಬೆಳೆ, ಎರಡು ಕೈಗಳ ದುಡಿಮೆಯನ್ನು ದಾಟಿ, ಬೆಳೆದವನ ಮನೆಗೇ ಮರಳಿರುತ್ತದೆ.