ಡೈರಿಗೆ ಬಂದ ತಂಪು

ತೊಂಬತ್ತರ ದಶಕದಲ್ಲಿ ದೇವನಹಳ್ಳಿ ಕಡೆಯ ನಮ್ಮೂರ ಡೈರಿಯಲ್ಲಿ ಹಾಲಿನ ಯೋಗ್ಯತೆ ತೀರ್ಮಾನ ಮಾಡುತ್ತಿದ್ದದ್ದು ಲ್ಯಾಕ್ಟೋಮೀಟರು. ಸೆಕ್ರೆಟರಿ ಉದ್ದನೆಯ ಲೋಟಕ್ಕೆ ಹಾಲು ಸುರಿದು ಅದನ್ನು ತೇಲಿಬಿಡುತ್ತಿದ್ದರು. 28ರ ಮೇಲೆ ನಿಂತರೆ ಸರಿ. ಕೆಳಗಿಳಿದರೆ, ‘ಡಿಗ್ರಿ ಬಂದಿಲ್ಲ ಕಣಮ್ಮ, ನೀರು ಬಿದ್ದಿದೆ’ ಎಂಬ ಮಾತು ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುತ್ತಿತ್ತು. ಬಿಸಿ ಆರದ ಹಾಲಿನ ಸಾಂದ್ರತೆ ಕಡಿಮೆ ಇರುತ್ತದೆ, ಡಿಗ್ರಿಯೂ ಇಳಿಯುತ್ತದೆ. ಹಾಗಾಗಿ ಕರೆದ ತಕ್ಷಣ ಓಡಿಬಂದ ಹೆಂಗಸೇ ಎಷ್ಟೋ ಸಲ ಕಳ್ಳಿಯಾಗುತ್ತಿದ್ದಳು. ಕೆನೆ ತೆಗೆದು, ಆಮೇಲೆ ಲೆಕ್ಕ ನೋಡಿ ನೀರು ಬೆರೆಸಿದವನ ಹಾಲು ಸರಿಯಾಗಿ 28 ತೋರಿಸುತ್ತಿತ್ತು. ಈ ಅನ್ಯಾಯ ನನಗೆ ಇವತ್ತಿಗೂ ನೋವು ಕೊಡುತ್ತದೆ.

ಫ್ಯಾಟ್ ನೋಡುವುದು ಇನ್ನೊಂದು ರಗಳೆ. ಗಾಜಿನ ನಳಿಕೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಜಡಿದು, ಯಂತ್ರದಲ್ಲಿಟ್ಟು ಕೈಯಲ್ಲೇ ತಿರುಗಿಸಬೇಕು. ಸ್ವಿಟ್ಜರ್ಲೆಂಡಿನ ಗರ್ಬರ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಂಡುಹಿಡಿದ ವಿಧಾನ ಅದು. ಆಸಿಡ್ ಸಿಡಿದು ನಮ್ಮ ಸೆಕ್ರೆಟರಿಯ ಅಂಗಿಗಳಲ್ಲೆಲ್ಲ ತೂತು ಬಿದ್ದಿದ್ದವು. ಫಲಿತಾಂಶ ಬರುವಷ್ಟರಲ್ಲಿ ಹಾಲು ಕ್ಯಾನು ಸೇರಿ ಲಾರಿ ಹತ್ತಿರುತ್ತಿತ್ತು.

2008ರ ಮೇ 24ರಂದು ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಜಮೀನು ಹೋದ ಮನೆಗಳಲ್ಲಿ ಹಸುವೂ ಹೋಯಿತು. ಉಳಿದವರ ಡೈರಿಗೆ ಸ್ವಲ್ಪ ಕಾಲದಲ್ಲೇ ಹೊಸ ಯಂತ್ರ ಬಂತು. ಹಾಲಿನೊಳಗೆ ಕಿವಿಗೆ ಕೇಳದ ಶಬ್ದದ ಅಲೆ ಹಾಯಿಸಿ, ಅದು ಸಾಗುವ ವೇಗದಿಂದ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎರಡನ್ನೂ ಒಂದು ನಿಮಿಷದ ಆಸುಪಾಸಿನಲ್ಲಿ ಹೇಳುವ ಮಿಲ್ಕ್ ಅನಲೈಸರ್. ಪಕ್ಕದಲ್ಲೇ ಎಲೆಕ್ಟ್ರಾನಿಕ್ ತಕ್ಕಡಿ, ಕೈಗೆ ಚೀಟಿ. ಅಕ್ಷರ ಬಾರದ ಅಜ್ಜಿಯರೂ ಚೀಟಿಯ ಅಂಕಿ ಗುರುತು ಹಿಡಿಯುತ್ತಿದ್ದರು. ‘ನೆನ್ನೆ ನಾಲ್ಕಿತ್ತು, ಇವತ್ಯಾಕಣ್ಣ ಮೂರೂವರೆ?’ ಎಂದು ಕೇಳುವ ಧೈರ್ಯ ಬಂದದ್ದು ಆಗ.

ಆದರೆ ಆ ಯಂತ್ರ ಕಾಯ್ದದ್ದು ದುಡ್ಡನ್ನು. ಹಾಲಿನಲ್ಲಿರುವ ರೋಗಾಣು ಅದಕ್ಕೆ ಕಾಣುವುದಿಲ್ಲ, ಕೆಚ್ಚಲು ಬಾವಿಗೆ ಕೊಟ್ಟ ಔಷಧಿಯ ಅಂಶವೂ ಕಾಣುವುದಿಲ್ಲ. ಫ್ಯಾಟ್ ಚೆನ್ನಾಗಿ ಬಂದ ಹಾಲೇ ಏಪ್ರಿಲ್ ಬಿಸಿಲಲ್ಲಿ ಲಾರಿ ತಡವಾದರೆ ಒಡೆದುಹೋಗುತ್ತಿತ್ತು. ಹಸುವಿನ ಮೈಬಿಸಿಯಲ್ಲೇ ಕ್ಯಾನಿಗೆ ಬಿದ್ದ ಹಾಲಿನಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲದು. ಅದಕ್ಕೆ ತಡೆ ಹಾಕಿದ್ದು ಬಿಎಂಸಿ (ಬಲ್ಕ್ ಮಿಲ್ಕ್ ಕೂಲರ್), ಹಳ್ಳಿಯಲ್ಲೇ ಹಾಲನ್ನು 4 ಡಿಗ್ರಿಗೆ ಇಳಿಸುವ ಸ್ಟೀಲ್ ಟ್ಯಾಂಕು. ತಂಪು ರೋಗಾಣುವನ್ನು ಕೊಲ್ಲುವುದಿಲ್ಲ, ಬೇಗ ಬೆಳೆಯಲು ಬಿಡುವುದಿಲ್ಲ, ಅಷ್ಟೆ. ಆ ಅಷ್ಟೇ ದೊಡ್ಡದು.

ಟ್ಯಾಂಕಿನ ಮೇಲೆ ಉಷ್ಣಾಂಶದ ಕೆಂಪು ಅಂಕಿ ಇರುತ್ತಿತ್ತು. ಆದರೆ ರಾತ್ರಿ ಕರೆಂಟು ಹೋದಾಗ ನೋಡುವವರು ಯಾರು? ಬೆಂಗಳೂರಿನಲ್ಲಿ 2011ರಲ್ಲಿ ಶುರುವಾದ ಸ್ಟೆಲ್ಲಾಪ್ಸ್‌ನಂಥ ಕಂಪನಿಗಳು ಟ್ಯಾಂಕಿಗೆ ಸೆನ್ಸರ್ ಜೋಡಿಸಿ, ಹಾಲು ಬಿಸಿಯಾದರೆ ಮೊಬೈಲಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ತಂದವು. ಇಡೀ ಊರಿನ ಹಾಲು ಒಂದೇ ಕಡೆ ಸೇರಿರುವಾಗ ಇದಕ್ಕಿಂತ ಉಪಯೋಗದ ಯಂತ್ರ ಇಲ್ಲವೆಂದೇ ನನ್ನ ಎಣಿಕೆ.

ನನ್ನ ಚಿಂತೆ ಈಗ ಹೆದ್ದಾರಿ ಬದಿಯ ಸಣ್ಣ ಶೆಡ್ಡುಗಳದ್ದು. ಪನ್ನೀರು, ಖೋವಾ, ಪೇಡ ಮಾಡಿ ಹೋಟೆಲುಗಳಿಗೆ ಕೊಡುವವರು. 2006ರ ಆಹಾರ ಸುರಕ್ಷತಾ ಕಾಯ್ದೆಯ ಲೈಸೆನ್ಸು, ನೋಂದಣಿ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದ ಮೇಲೆ ಗೋಡೆಗೆ 14 ಅಂಕಿಯ ನಂಬರು ಬಂತು. ಈಗ ಅದನ್ನು ಮೊಬೈಲಲ್ಲೇ ಪಡೆಯಬಹುದು. ಫ್ರಿಜ್ಜಿನೊಳಗೆ ಮಾತ್ರ ಥರ್ಮಾಮೀಟರು ಇರುವುದಿಲ್ಲ. ಹಾಲು ಕುದಿಸುವಾಗ ಸತ್ತ ರೋಗಾಣು, ಪನ್ನೀರು ಒತ್ತುವ ಬಟ್ಟೆಯಿಂದ, ಕತ್ತರಿಸುವ ಕೈಯಿಂದ ಮತ್ತೆ ಬಂದು ಸೇರುತ್ತದೆ. ಆಮೇಲೆ ಕಾಯುವುದು ತಂಪೊಂದೇ.

ನಾನು ಬಲ್ಲ ಒಂದು ಸ್ತ್ರೀಶಕ್ತಿ ಸಂಘದವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಅಗ್ಗದ ಡಿಜಿಟಲ್ ಥರ್ಮಾಮೀಟರನ್ನು ಫ್ರಿಜ್ಜಲ್ಲಿಟ್ಟು, ಬೆಳಿಗ್ಗೆ ಸಂಜೆ ಅದರ ಫೋಟೋ ತೆಗೆದು ತಮ್ಮ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ತಾರೀಖು, ಗಂಟೆ ತಾನಾಗಿ ದಾಖಲಾಗುತ್ತದೆ. ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಂಕಿ 11 ತೋರಿಸಿತು. ಹಿಂದಿನ ಸಂಜೆಯ ಫೋಟೋದಲ್ಲಿ 5 ಇತ್ತು. ರಾತ್ರಿ ಎಷ್ಟು ಹೊತ್ತು ಹಾಗಿತ್ತೋ ತಿಳಿಯುವಂತಿರಲಿಲ್ಲ. ಆ ಪನ್ನೀರನ್ನು ಅವರು ಹೋಟೆಲಿಗೆ ಕಳಿಸಲಿಲ್ಲ. ಮಧ್ಯಾಹ್ನದೊಳಗೆ ಬಾಗಿಲಿನ ಸವೆದ ರಬ್ಬರು ಬದಲಾಯಿಸಿದರು.