ಬೆಟ್ಟದ ಬಂಡೆಗೆ ಕಬ್ಬಿಣ ಬೇಕೆ?

ಸಾಗರದಿಂದ ಹೊರಟು ಹೊಸನಗರವನ್ನು ಹಾದು ತೀರ್ಥಹಳ್ಳಿ ಸೀಮೆಯನ್ನು ಸೇರುವ ದಾರಿಯು ಕೆಳದಿ ಅರಸರ ಇತಿಹಾಸವನ್ನೇ ಹಿಂಬಾಲಿಸುತ್ತದೆ. ಮೊದಲು ಕೆಳದಿ, ಬಳಿಕ ಅಘೋರೇಶ್ವರನ ಇಕ್ಕೇರಿ, ಆಮೇಲೆ 1763ರಲ್ಲಿ ಹೈದರನ ವಶವಾದ ಬಿದನೂರು, ಅಂದರೆ ಇಂದಿನ ನಗರ. ಕೊನೆಗೆ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ. ನಾವು ಈ ಕ್ರಮದಲ್ಲಿಯೇ ಇವನ್ನೆಲ್ಲ ಸಂದರ್ಶಿಸಿದೆವು.

ಕವಲೇದುರ್ಗವನ್ನು ಏರುವಾಗ ನಮ್ಮ ಗಮನವನ್ನು ಸೆಳೆದುದು ಕಲ್ಲು ಹಾಸಿದ ದಾರಿ. ಮಲೆನಾಡಿನ ಮಳೆಯಲ್ಲಿ ಶತಮಾನಗಳಿಂದ ನೆನೆದರೂ ಅದು ಇಂದಿಗೂ ಪಾದಕ್ಕೆ ಆಸರೆಯಾಗಿದೆ. ಕಟ್ಟಿದವರು ಬೆಟ್ಟದ ಇಳಿಜಾರನ್ನು ಅರಿತು, ಅದರ ಕಲ್ಲನ್ನೇ ಬಳಸಿ ದಾರಿ ಮಾಡಿದರು. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯಲ್ಲಿ ಮಾತ್ರ ಕಬ್ಬಿಣವೂ ಉಂಟು. 1343 ಮೀಟರ್ ಎತ್ತರದ ಆ ಬೆಟ್ಟದ ಮೇಲಿನ ಮೂಲ ಮೂಕಾಂಬಿಕೆಯ ಗುಡಿಯೆದುರು ನಿಂತಿರುವ ಪ್ರಾಚೀನ ಕಬ್ಬಿಣದ ಕಂಬವು ಲೋಹವಿಜ್ಞಾನಿಗಳನ್ನೂ ಆಕರ್ಷಿಸಿದೆ.

ಬೆಟ್ಟದಲ್ಲಿ ಎಷ್ಟು ಕಬ್ಬಿಣವಿರಬೇಕು ಎಂಬ ಪ್ರಶ್ನೆಯು ಬಂಡೆಯೇರುವ ಸಾಹಸಿಗಳ ನಡುವೆ ಬಹುಕಾಲದಿಂದ ವಿವಾದವಾಗಿದೆ. ಬಂಡೆಗೆ ಡ್ರಿಲ್ಲಿನಿಂದ ರಂಧ್ರ ಕೊರೆದು ಉಕ್ಕಿನ ಬೋಲ್ಟನ್ನು ಬಿಗಿದು, ಅದಕ್ಕೆ ಹಗ್ಗವನ್ನು ಸಿಕ್ಕಿಸಿಕೊಂಡರೆ ಜಾರಿದವನು ನೆಲಕ್ಕೆ ಬೀಳುವುದಿಲ್ಲ. ಇದು ಪ್ರಾಣವನ್ನು ಕಾಯುವ ಉಪಾಯ. ಆದರೆ ಹಿಂದಿನವರು ಬೋಲ್ಟಿಲ್ಲದೆ, ಬಂಡೆಯ ಬಿರುಕುಗಳನ್ನೇ ಆಶ್ರಯಿಸಿ ಏರಿದ ದಾರಿಗೆ ನಂತರ ಬಂದವರು ಬೋಲ್ಟು ಬಿಗಿಯಬಹುದೆ? ಸುರಕ್ಷತೆಯೇ ಮುಖ್ಯವೆಂದು ಕೆಲವರು ಹೇಳಿದರೆ, ಹಿಂದಿನವರ ಸಾಧನೆಯನ್ನು ಅಳಿಸಲು ನಮಗೆ ಅಧಿಕಾರವಿಲ್ಲವೆಂದು ಕೆಲವರ ವಾದ.

ದಕ್ಷಿಣ ಅಮೆರಿಕದ ಸೆರ್ರೊ ಟೊರ್ರೆ ಶಿಖರದಲ್ಲಿ ಈ ವಿವಾದವು ಪರಾಕಾಷ್ಠೆಯನ್ನು ಮುಟ್ಟಿತು. 1970ರಲ್ಲಿ ಇಟಲಿಯ ಚೆಸಾರೆ ಮೇಸ್ತ್ರಿ ಎಂಬವರು ಕಂಪ್ರೆಸರ್ ಯಂತ್ರವನ್ನೇ ಹೊತ್ತೊಯ್ದು ನೂರಾರು ಬೋಲ್ಟುಗಳನ್ನು ಅಲ್ಲಿ ನೆಟ್ಟರು. 2012ರಲ್ಲಿ ಇಬ್ಬರು ತರುಣರು ಅದೇ ಶಿಖರವನ್ನೇರಿ, ಇಳಿಯುವಾಗ ನೂರಕ್ಕೂ ಮಿಕ್ಕಿ ಬೋಲ್ಟುಗಳನ್ನು ಕಿತ್ತುಹಾಕಿದರು. ಕೆಲವರು ಹೊಗಳಿದರು, ಕೆಲವರು ಕೆರಳಿದರು. ಪೊಲೀಸರು ಅವರನ್ನು ತಡೆದು ನಿಲ್ಲಿಸಬೇಕಾಯಿತು. ನೆಟ್ಟವರೂ ಕಿತ್ತವರೂ ಇತರರನ್ನು ಕೇಳಲಿಲ್ಲವೆಂಬುದೇ ಈ ಜಗಳದ ತಿರುಳು.

ನಮ್ಮ ನಾಡಿನ ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿಯೂ ಬೋಲ್ಟು ಬಿಗಿದ ಏರುದಾರಿಗಳಿವೆ. ಅದೇ ಊರಿನಲ್ಲಿ ಚಾಲುಕ್ಯರ ಗುಹಾಲಯಗಳಿವೆ, ಕ್ರಿ.ಶ. 578ರ ಶಾಸನವೂ ಉಂಟು. ಹೀಗಿರುವಲ್ಲಿ ಬಂಡೆಯನ್ನು ಕೇವಲ ಆಟದ ವಸ್ತುವೆಂದು ಬಗೆಯಲಾಗದು.

ಮಲೆನಾಡಿಗೂ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಬಂದಿದೆ. ಕೇಂದ್ರದ ಪರ್ವತಮಾಲಾ ಯೋಜನೆಯಡಿ ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ನಿರ್ಮಿಸುವ ಪ್ರಸ್ತಾವ ಮುಂದೆ ಬಂದಾಗ ಪರಿಸರಾಸಕ್ತರು ವಿರೋಧ ಸೂಚಿಸಿದರು. ಮೊಣಕಾಲು ನೋಯುವ ವೃದ್ಧ ಮಾತೆಯರಿಗೂ ಬೆಟ್ಟದ ದರ್ಶನವಾಗಲೆಂಬ ಆಸೆ ತಪ್ಪಲ್ಲ. ಆದರೆ ಜೀಪುಗಳು ಈಗಾಗಲೇ ಅವರನ್ನು ಬಹುಪಾಲು ಎತ್ತರಕ್ಕೆ ತಲುಪಿಸುತ್ತಿವೆ. ಅದಲ್ಲದೆ ಇದೇ ತಾಲ್ಲೂಕಿನ ಹುಲಿಕಲ್ ರಾಜ್ಯದ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ಇಂಥ ಮಳೆಯಲ್ಲಿ ನೆಟ್ಟ ಕಬ್ಬಿಣವನ್ನು ವರ್ಷವರ್ಷವೂ ಪರೀಕ್ಷಿಸುವವರು ಯಾರು? ಪರೀಕ್ಷಿಸದ ಆಸರೆಯು ಆಸರೆಯಿಲ್ಲದುದಕ್ಕಿಂತ ಅಪಾಯಕಾರಿ, ಏಕೆಂದರೆ ಜನರು ಅದನ್ನು ನಂಬಿ ಹೆಜ್ಜೆಯಿಡುತ್ತಾರೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಪ್ರಾಣಾಪಾಯವಿರುವ ಕಡೆ ಕಂಬಿಯನ್ನು ಹಾಕಲಿ, ಆದರೆ ಊರವರನ್ನೂ ಅರಣ್ಯ ಹಾಗೂ ಪುರಾತತ್ತ್ವ ಇಲಾಖೆಗಳನ್ನೂ ಕೇಳಿ, ನಿರ್ವಹಣೆಯ ಹೊಣೆಯನ್ನು ನಿಗದಿಪಡಿಸಿ ಹಾಕಲಿ. ಕೇವಲ ಅನುಕೂಲಕ್ಕಾಗಿ ಹಳೆಯ ದಾರಿಯನ್ನು ಕೊರೆಯುವುದು ಬೇಡ. ಕವಲೇದುರ್ಗಕ್ಕೆ ಹೋಗುವ ಕುಟುಂಬಗಳು ಮಕ್ಕಳಿಗೆ ಆ ಕಲ್ಲುಹಾಸನ್ನು ತೋರಿಸಿ, ಅದನ್ನು ಹಾಸಿದವರ ಶ್ರಮವನ್ನು ತಿಳಿಸಿಕೊಡಲಿ.